ನೆತ್ತರಿನ ಲೆಕ್ಕ

ತಾವು ಮನೆಯಲ್ಲಿ ಇಂದೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಅರ್ಧ ಲೀಟರು ನೀರಿಗೆ ಒಂದಿಷ್ಟು ಕುಂಕುಮ ಕದಡಿರಿ. ಹಳೆಯ ಸೀರೆಯೊಂದನ್ನು ಮಡಿಸಿ ನೆಲಕ್ಕೆ ಹಾಸಿ, ಆ ನೀರನ್ನು ಅದರ ಮೇಲೆ ಸುರಿಯಿರಿ. ಬಳಿಕ ನೆರೆಮನೆಯವರನ್ನು ಕರೆದು, ಚೆಲ್ಲಿದ್ದು ಎಷ್ಟಿದ್ದೀತೆಂದು ಕೇಳಿರಿ. ಒಬ್ಬರು ಒಂದು ಲೋಟವೆಂದಾರು, ಇನ್ನೊಬ್ಬರು ಒಂದೂವರೆ ಲೋಟವೆಂದಾರು. ಸರಿಯಾದ ಅಳತೆ ಹೇಳುವವರು ಬಲು ವಿರಳ. ಬಟ್ಟೆ ಕುಡಿದದ್ದು ಕಣ್ಣಿಗೆ ಕಾಣುವುದಿಲ್ಲ. ನೆಲದಲ್ಲಿ ಹರಡಿದ್ದು ಕಂಡರೂ ಅದರ ಆಳ ತಿಳಿಯುವುದಿಲ್ಲ. ದಿನವೂ ಹಾಲು, ಎಣ್ಣೆ, ಮಜ್ಜಿಗೆಗಳನ್ನು ಅಳೆಯುವ ಗೃಹಿಣಿಯ ಕಣ್ಣೂ ಇಲ್ಲಿ ಸೋಲುತ್ತದೆ.

ನೀರಾದರೆ ಚಿಂತೆಯಿಲ್ಲ, ಒರೆಸಿ ಹಾಕಿದರಾಯಿತು. ಆದರೆ ಈಗತಾನೆ ಹಡೆದ ತಾಯಿಯ ಕೆಳಗೆ ಹಾಸಿದ ಸೀರೆಯಲ್ಲಿ ಇದೇ ಪ್ರಶ್ನೆ ಬಂದರೆ ಉತ್ತರದ ಬೆಲೆ ಒಂದು ಜೀವ. ತುಂಬು ಬಸುರಿಯಲ್ಲಿ ಗರ್ಭಕೋಶದ ಕಡೆಗೆ ನಿಮಿಷಕ್ಕೆ ೫೦೦ರಿಂದ ೭೦೦ ಮಿಲಿಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಕೂಸು ಹೊರಬಂದು ಮಾಸು ಬಿದ್ದ ಮೇಲೆ ಗರ್ಭಕೋಶವು ಮುಷ್ಟಿ ಬಿಗಿದಂತೆ ಸಂಕುಚಿತವಾಗಬೇಕು. ಅದರ ಮಾಂಸದ ಎಳೆಗಳೇ ತೆರೆದ ನಾಳಗಳನ್ನು ಹಿಂಡಿ ಬಾಯಿ ಮುಚ್ಚುತ್ತವೆ. ಹಾಗೆ ಬಿಗಿಯದೆ ಸಡಿಲವಾಗಿಯೇ ಉಳಿದರೆ ಹರಿವು ನಿಲ್ಲುವುದಿಲ್ಲ. ೫೦೦ ಮಿಲಿಲೀಟರಿಗೆ ಮುಟ್ಟಿದರೆ ಅದನ್ನು ಹೆರಿಗೆಯ ನಂತರದ ರಕ್ತಸ್ರಾವವೆಂದು ವೈದ್ಯರು ಗಣಿಸುತ್ತ ಬಂದಿದ್ದಾರೆ. ಸಾವಿರಕ್ಕೆ ಮುಟ್ಟಿದರೆ ಅದು ಘೋರ ಸ್ರಾವ. ಈ ಎರಡು ಅಂಕೆಗಳ ನಡುವಿನ ಅವಧಿ ಕೆಲವೊಮ್ಮೆ ಒಂದು ಕಪ್ಪು ಚಹಾ ಕುಡಿಯುವಷ್ಟೂ ಇರುವುದಿಲ್ಲ. ಜಗತ್ತಿನಲ್ಲಿ ಇಂದಿಗೂ ವರ್ಷಕ್ಕೆ ಹತ್ತಾರು ಸಾವಿರ ತಾಯಂದಿರು ಹೀಗೆಯೇ ತೀರಿಹೋಗುತ್ತಾರೆ. ‘ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು’ ಎಂಬ ನಮ್ಮ ಹಿರಿಯರ ಮಾತು ಅಲಂಕಾರಕ್ಕಾಗಿ ಹುಟ್ಟಿದುದಲ್ಲ.

ಈ ಹರಿವನ್ನು ಕಣ್ಣಿಗೆ ಕಾಣುವಂತೆ, ಅಳೆಯಲು ಬರುವಂತೆ ಮಾಡಿದ ಒಂದು ಬಡ ಸಾಧನದ ಕಥೆಯನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಅದರ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿದೆ. ಅದು ಬಳಕೆಗೆ ಬಂದ ಊರು ನಮ್ಮ ಬೆಳಗಾವಿ. ಆದರೆ ಬೆಳಗಾವಿಯ ಪೇಟೆಯಲ್ಲಿ ಹತ್ತು ಜನರನ್ನು ನಿಲ್ಲಿಸಿ ಕೇಳಿದರೆ ಒಬ್ಬರಾದರೂ ಬಲ್ಲೆನೆಂದಾರೆಂಬ ಭರವಸೆ ನನಗಿಲ್ಲ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಮೈಯೊಳಗಿನ ರಕ್ತ ಹರಿಯುತ್ತದೆಂಬುದು ಮನುಷ್ಯನಿಗೆ ಬಲು ತಡವಾಗಿ ತಿಳಿಯಿತು. ‘ಧಮನಿ’ ಎಂಬ ಶಬ್ದವನ್ನೇ ನೋಡಿರಿ. ಇದು ಊದು ಎಂಬರ್ಥದ ‘ಧ್ಮಾ’ ಧಾತುವಿನಿಂದ ಬಂದದ್ದು; ಅಂದರೆ ಧಮನಿಯು ಗಾಳಿಯ ಕೊಳವೆ. ಗ್ರೀಕರೂ ಅದನ್ನು ಗಾಳಿ ಹೊರುವ ನಾಳವೆಂದೇ ಭಾವಿಸಿದ್ದರು. ಹೆಣವನ್ನು ಕೊಯ್ದಾಗ ಆ ನಾಳಗಳು ಬರಿದಾಗಿ ಕಂಡುದರಿಂದ ಹಾಗೆ ತಿಳಿದಿದ್ದಿರಬೇಕು. ದೂರದೂರದ ಎರಡು ನಾಡುಗಳ ಪಂಡಿತರು ಒಂದೇ ಹೆಸರಿಟ್ಟು ಒಂದೇ ತಪ್ಪನ್ನು ಮಾಡಿದ್ದಾರೆ. ಶಬ್ದಶಾಸ್ತ್ರ ಓದಿದವನಿಗೆ ಇಂಥದು ಸಿಕ್ಕಾಗ ಆಗುವ ಸಂತೋಷವೇ ಬೇರೆ. ಅದನ್ನು ತಾವು ಕ್ಷಮಿಸಬೇಕು. ನಮ್ಮ ವೈದ್ಯರು ಬೆರಳ ತುದಿಯಿಂದ ನಾಡಿ ನೋಡುವುದನ್ನು ಬಲ್ಲವರು. ಶಾರ್ಙ್ಗಧರಸಂಹಿತೆಯಲ್ಲಿ ನಾಡಿಪರೀಕ್ಷೆಯ ವಿವರವಿದೆ. ಆದರೆ ನಾಡಿ ಸ್ಪರ್ಶದ ವಿಷಯ. ನೋಡುವುದು ಎನ್ನುತ್ತೇವೆಯೇ ಹೊರತು ಅಲ್ಲಿ ಕಣ್ಣಿಗೆ ಕಾಣುವುದು ಏನೂ ಇಲ್ಲ.

೧೬೨೮ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಎಂಬ ವೈದ್ಯನು ರಕ್ತ ಸುತ್ತುತ್ತದೆಂದು ಸಾರಿದನು. ಅವನ ಸಾಧನೆಯಲ್ಲಿ ನನಗೆ ಮೆಚ್ಚುಗೆಯಾಗುವುದು ಅವನು ಮಾಡಿದ ಲೆಕ್ಕ. ಒಂದು ಬಡಿತಕ್ಕೆ ಹೃದಯವು ಇಷ್ಟು ರಕ್ತವನ್ನು ಹೊರದೂಡುತ್ತದೆಂದು ಹಿಡಿದು, ಅದನ್ನು ಅರ್ಧ ಗಂಟೆಯ ಬಡಿತಗಳಿಂದ ಗುಣಿಸಿ ನೋಡಿದರೆ ಬರುವ ಮೊತ್ತವು ಇಡೀ ಮೈಯಲ್ಲಿರುವ ರಕ್ತಕ್ಕಿಂತ ಹೆಚ್ಚು! ತಿಂದ ಅನ್ನದಿಂದ ಅಷ್ಟು ರಕ್ತ ಹೊಸದಾಗಿ ಹುಟ್ಟಲಾರದು. ಆದುದರಿಂದ ಅದೇ ರಕ್ತ ತಿರುಗಿ ಬರುತ್ತಿರಬೇಕು. ನಾಲ್ಕನೆಯ ತರಗತಿಯ ಗುಣಾಕಾರ ಸಾವಿರಾರು ವರ್ಷಗಳ ಶಾಸ್ತ್ರವನ್ನು ಮಗುಚಿ ಹಾಕಿತು. ಆದರೆ ಧಮನಿಯಿಂದ ಸಿರೆಗೆ ರಕ್ತ ದಾಟುವ ಸಣ್ಣ ದಾರಿ ಹಾರ್ವೆಗೆ ಕಾಣಲಿಲ್ಲ. ಅವನು ೧೬೫೭ರಲ್ಲಿ ತೀರಿಕೊಂಡನು. ನಾಲ್ಕು ವರ್ಷಗಳ ಮೇಲೆ, ೧೬೬೧ರಲ್ಲಿ, ಇಟಲಿಯ ಮಾಲ್ಪೀಘಿಯು ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಆ ಕೂದಲೆಳೆಯ ನಾಳಗಳನ್ನು ಕಂಡನು.

ಹರಿವನ್ನು ಮೈ ಕೊಯ್ಯದೆ ಕಾಣುವ ಉಪಾಯ ಬಂದದ್ದು ರೈಲಿನ ಸೀಟಿಯ ದಾರಿಯಿಂದ. ಖಾನಾಪುರದ ಸ್ಟೇಶನ್ನಿನಲ್ಲಿ ನಿಂತು, ಲೋಂಡಾದ ಕಡೆಯಿಂದ ನಿಲ್ಲದೆ ಓಡಿಬರುವ ಗಾಡಿಯ ಸೀಟಿಯನ್ನು ಕೇಳಿದವರು ಗಮನಿಸಿರಬಹುದು: ಹತ್ತಿರ ಬರುವಾಗ ಸ್ವರ ಏರಿರುತ್ತದೆ, ನಮ್ಮನ್ನು ದಾಟಿ ಬೆಳಗಾವಿಯ ಕಡೆಗೆ ಹೋಗುತ್ತಲೂ ಸ್ವರ ಇಳಿಯುತ್ತದೆ. ಇದರ ತತ್ತ್ವವನ್ನು ೧೮೪೨ರಲ್ಲಿ ಪ್ರಾಗ್ ನಗರದಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಎಂಬವನು ನಕ್ಷತ್ರಗಳ ಬೆಳಕನ್ನು ಕುರಿತು ಹೇಳಿದನು. ೧೮೪೫ರಲ್ಲಿ ಹಾಲೆಂಡಿನ ಬಾಯ್ಸ್ ಬಾಲೋಟ್ ಎಂಬವನು ವಾದ್ಯಗಾರರನ್ನು ರೈಲಿನಲ್ಲಿ ಕೂರಿಸಿ ಓಡಿಸಿ, ಸ್ವರ ಬಲ್ಲವರನ್ನು ದಾರಿಯ ಪಕ್ಕದಲ್ಲಿ ನಿಲ್ಲಿಸಿ ಅದನ್ನು ಪರೀಕ್ಷಿಸಿದನು. ನೂರು ವರ್ಷ ಕಳೆದ ಮೇಲೆ, ೧೯೫೦ರ ದಶಕದಲ್ಲಿ, ಜಪಾನಿನ ಒಸಾಕಾದಲ್ಲಿ ಸಾತೊಮುರಾ ಎಂಬ ವಿಜ್ಞಾನಿಯು ಕಿವಿಗೆ ಕೇಳದಷ್ಟು ಏರಿದ ನಾದವನ್ನು ಮೈಯೊಳಗೆ ಬಿಟ್ಟು, ಚಲಿಸುವ ಹೃದಯದಿಂದಲೂ ರಕ್ತದಿಂದಲೂ ಹಿಂದಿರುಗಿದ ನಾದದ ಏರಿಳಿತವನ್ನು ಹಿಡಿದನು. ೧೯೮೦ರ ದಶಕದಲ್ಲಿ ಅದಕ್ಕೆ ಬಣ್ಣ ಕೂಡಿತು. ಇಂದು ಬೆಳಗಾವಿಯ ಆಸ್ಪತ್ರೆಗಳಲ್ಲಿ ‘ಕಲರ್ ಡಾಪ್ಲರ್’ ಎಂದು ಬರೆದುಕೊಡುವ ಪರೀಕ್ಷೆ ಇದೇ. ಪರದೆಯ ಮೇಲೆ ಕೆಂಪು ಕಂಡರೆ ಶುದ್ಧ ರಕ್ತ, ನೀಲಿ ಕಂಡರೆ ಅಶುದ್ಧ ರಕ್ತ ಎಂದು ಹಲವರು ತಿಳಿಯುತ್ತಾರೆ, ಅದು ಸರಿಯಲ್ಲ. ಸಾಮಾನ್ಯ ರೂಢಿಯಂತೆ ಯಂತ್ರದ ಕಡೆಗೆ ಬರುವ ಹರಿವು ಕೆಂಪು, ಅದರಿಂದ ದೂರ ಸರಿಯುವುದು ನೀಲಿ, ಅಷ್ಟೆ.

ಇವೆಲ್ಲ ಒಳಗಿನ ಹರಿವನ್ನು ತೋರಿಸುವ ಸಾಧನಗಳು. ಲಕ್ಷಗಟ್ಟಲೆ ರೂಪಾಯಿಯವು, ವಿದ್ಯುತ್ತು ಬೇಡುವಂಥವು, ಪಳಗಿದ ವೈದ್ಯರ ಕೈಯಲ್ಲಿ ಮಾತ್ರ ಮಾತನಾಡುವಂಥವು. ಸೋಜಿಗವೆಂದರೆ, ಗರ್ಭದಲ್ಲಿರುವ ಶಿಶುವಿನ ಹೊಕ್ಕುಳ ಬಳ್ಳಿಯಲ್ಲಿ ಹರಿಯುವ ರಕ್ತವನ್ನು ಬಣ್ಣದಲ್ಲಿ ನೋಡಬಲ್ಲ ಕಾಲ ಬಂದರೂ, ತಾಯಿಯ ಮೈಯಿಂದ ಹೊರಗೆ ಹರಿದು ಕಣ್ಣೆದುರಿಗೇ ಬಿದ್ದ ರಕ್ತ ಎಷ್ಟೆಂದು ಹೇಳುವ ಸುಲಭ ಸಾಧನವಿರಲಿಲ್ಲ. ಶಹರದ ದೊಡ್ಡಾಸ್ಪತ್ರೆಯಲ್ಲಿಯೂ ‘ಸುಮಾರು ಇಷ್ಟು’ ಎಂದು ಕಣ್ಣಂದಾಜಿನಿಂದ ಬರೆಯುವುದೇ ನಡೆದುಬಂದಿತ್ತು.

ಹಳ್ಳಿಯಲ್ಲಿ ಹೆರಿಗೆ ಮಾಡಿಸುತ್ತಿದ್ದವಳು ಸೂಲಗಿತ್ತಿ. ‘ಸೂಲು’ ಎಂದರೆ ಹೆರಿಗೆ. ಎಮ್ಮೆ ಕೊಳ್ಳುವ ರೈತ ಇಂದಿಗೂ ‘ಎಷ್ಟನೆಯ ಸೂಲು?’ ಎಂದು ಕೇಳುವುದುಂಟು. ಖಾನಾಪುರದ ಕಡೆ ಮರಾಠಿ ಮನೆಗಳಲ್ಲಿ ಅವಳೇ ‘ಸುಈಣ’. ಕನ್ನಡದ ಬಾಣಂತಿಯೂ ಮರಾಠಿಯ ಬಾಳಂತೀಣಳೂ ಅಕ್ಕತಂಗಿಯರಂತೆ ಕಾಣುತ್ತಾರೆ. ಭಾಷೆಯ ಜಗಳ ಅಂಗಡಿಯ ಫಲಕದ ಮೇಲೆ ಎಷ್ಟಿದ್ದರೂ ಹೆರಿಗೆಯ ಕೋಣೆಯಲ್ಲಿ ಇರಲಿಲ್ಲ. ಈ ಹೆಂಗಸರ ಕೈಗುಣ, ಧೈರ್ಯಗಳನ್ನು ಹೀನಾಯವಾಗಿ ಕಾಣುವವರ ಗುಂಪಿಗೆ ನಾನು ಸೇರಿದವನಲ್ಲ. ೨೦೧೮ರಲ್ಲಿ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಾಗ ನಾಡೆಲ್ಲ ಸಂತೋಷಪಟ್ಟಿತು. ಆದರೂ ಒಂದು ಮಾತು ಹೇಳಲೇಬೇಕು. ನೆತ್ತರು ಎಷ್ಟು ಹೋದರೆ ಆಪತ್ತು ಎಂಬುದಕ್ಕೆ ಸೂಲಗಿತ್ತಿಯ ಬಳಿ ಇದ್ದ ಅಳತೆ ನೆನೆದ ಸೀರೆಗಳದು. ಸೀರೆಯೋ ಒಂದೊಂದು ಒಂದೊಂದು ಬಗೆ. ನೂಲಿನದು ಹೆಚ್ಚು ಕುಡಿಯುತ್ತದೆ, ಬೇರೆಯದು ಕಡಿಮೆ. ಮಿಣುಕು ದೀಪದ ಬೆಳಕಿನಲ್ಲಿ ಕಪ್ಪಾಗಿ ಕಂಡದ್ದು ನೆರಳೋ ನೆತ್ತರೋ ತಿಳಿಯುವುದೂ ಕಷ್ಟ.

ಹೀಗೆ ತಪ್ಪಿದ ಅಂದಾಜುಗಳ ಫಲ ಎಲ್ಲಿ ಕಾಣುತ್ತದೆಂದರೆ, ನಮ್ಮಂಥ ಮಾಸ್ತರರು ಬರೆಯುವ ಶಾಲೆಯ ದಾಖಲಾತಿ ಪುಸ್ತಕದಲ್ಲಿ. ತಾಯಿಯ ಹೆಸರಿನ ಹಿಂದೆ ‘ದಿವಂಗತ’ ಎಂದು ಬರೆಯಿಸುವ ಹುಡುಗನನ್ನು ‘ಯಾವಾಗಪ್ಪಾ?’ ಎಂದು ಕೇಳಿದರೆ, ‘ನಾ ಹುಟ್ಟಿದಾಗರೀ ಸರ್’ ಎಂಬ ಉತ್ತರ ಬರುವುದುಂಟು. ಮುಂದೆ ಕೇಳಲು ಬಾಯಿ ಬರುವುದಿಲ್ಲ. ಜನ್ಮದಿನಾಂಕದ ಮನೆಯನ್ನು ತುಂಬುವಾಗ ಲೇಖನಿ ತಡೆಯುತ್ತದೆ.

ಈಗ ಭೂಗೋಳಕ್ಕೆ ಬರೋಣ. ಶಾಸನಗಳ ವೇಣುಗ್ರಾಮವೇ ಇಂದಿನ ಬೆಳಗಾವಿ. ೨೦೧೪ರ ನವೆಂಬರ್ ೧ರವರೆಗೆ ಸರ್ಕಾರಿ ಕಾಗದಗಳಲ್ಲಿ ‘ಬೆಲ್ಗಾಂ’ ಎಂದಿತ್ತಾದುದರಿಂದ, ನಾನು ಹೇಳಲಿರುವ ಪ್ರಯೋಗ ವಿದೇಶದ ಪತ್ರಿಕೆಗಳಲ್ಲಿ ಆ ಹೆಸರಿನಿಂದಲೇ ಸಿಗುತ್ತದೆ. ಶಹರದಿಂದ ತೆಂಕಣಕ್ಕೆ ಇಪ್ಪತ್ತೈದು ಕಿಲೋಮೀಟರಿನ ಸುಮಾರಿಗೆ ಖಾನಾಪುರ. ಅಲ್ಲಿಯ ಮಣ್ಣು ಹೆಂಚಿಗೂ ಮಡಕೆಗೂ ಹೆಸರಾದುದು. ಊರಿನ ಪಡುವಣಕ್ಕೆ ಸಹ್ಯಾದ್ರಿಯ ಕಾಡು. ಕಣಕುಂಬಿಯಲ್ಲಿ ಮಲಪ್ರಭೆಯ ಉಗಮ. ಭೀಮಗಡದ ಸುತ್ತಿನಲ್ಲಿ ಗವಾಳಿ, ಕೊಂಗಳ, ಆಮಗಾಂವಗಳಂಥ ಹಳ್ಳಿಗಳು. ಆಷಾಢದ ಮಳೆ ಹಿಡಿಯಿತೆಂದರೆ ಹಳ್ಳಗಳು ದಾರಿಯನ್ನು ನುಂಗುತ್ತವೆ, ಆಗ ರೋಗಿಯನ್ನು ಹೊತ್ತುಕೊಂಡೇ ಡಾಂಬರು ರಸ್ತೆಗೆ ತರಬೇಕಾಗುತ್ತದೆ. ಬೆಳಗಾವಿಯ ಬಾಣಂತಿಗೂ ಆಮಗಾಂವದ ಬಾಣಂತಿಗೂ ಮೈಯಲ್ಲಿರುವ ರಕ್ತ ಅಷ್ಟೇ. ಒಬ್ಬಳಿಗೆ ರಕ್ತನಿಧಿ ಆಟೋರಿಕ್ಷಾದ ದೂರದಲ್ಲಿದೆ. ಇನ್ನೊಬ್ಬಳಿಗೆ ಅದು ಒಂದು ಕಾಡು, ಎರಡು ಹಳ್ಳಗಳ ಆಚೆ. ಆದುದರಿಂದ ಆಪತ್ತಿನ ಸುಳಿವು ದೊಡ್ಡಾಸ್ಪತ್ರೆಗಿಂತ ಹಳ್ಳಿಯಲ್ಲಿ ಮುಂಚಿತವಾಗಿ ತಿಳಿಯಬೇಕು. ಆದರೆ ತಿಳಿಸುವ ಯಂತ್ರಗಳೆಲ್ಲ ಇದ್ದದ್ದು ಶಹರದಲ್ಲಿ.

ಈ ಕೊರತೆಯನ್ನು ಕೈಗೆತ್ತಿಕೊಂಡವರು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು. ೧೯೧೬ರಲ್ಲಿ ಏಳು ಜನ ಉತ್ಸಾಹಿ ಶಿಕ್ಷಕರು, ಸರದಾರರ ನೆರವಿನಿಂದ, ಬೆಳಗಾವಿಯಲ್ಲಿ ಒಂದು ಶಾಲೆ ತೆರೆದು ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿಯನ್ನು ಕಟ್ಟಿದರು. ವಚನಸಾಹಿತ್ಯದ ಸಂಪಾದನೆಯಿಂದ ಕನ್ನಡಿಗರಿಗೆ ಪರಿಚಿತರಾದ ಶಿ. ಶಿ. ಬಸವನಾಳರು ಆ ಏಳರಲ್ಲಿ ಒಬ್ಬರು. ಆ ಸಂಸ್ಥೆಯೇ ೧೯೬೩ರಲ್ಲಿ ಈ ವೈದ್ಯಕೀಯ ಕಾಲೇಜನ್ನು ತೆರೆಯಿತು. ಮಾಸ್ತರರು ನೆಟ್ಟ ಮರದಲ್ಲಿ ವೈದ್ಯರ ಫಲ ಬಂತೆಂದು ನಮ್ಮ ವರ್ಗದವರು ಸ್ವಲ್ಪ ಹೆಮ್ಮೆಪಟ್ಟರೆ ತಪ್ಪಾಗಲಾರದು.

ಈ ಶತಮಾನದ ಆರಂಭದಲ್ಲಿ ಕಾಲೇಜಿನ ಡಾ. ಬಿ. ಎಸ್. ಕೋಡ್ಕಣಿ, ಡಾ. ಶಿವಪ್ರಸಾದ ಗೌಡರ, ಡಾ. ಬೆಲ್ಲದ ಮೊದಲಾದವರು ಅಮೆರಿಕದ ಡಾ. ರಿಚರ್ಡ್ ಡರ್ಮನ್, ಸ್ಟೇಸಿ ಗೆಲ್ಲರ್ ಮುಂತಾದವರೊಡನೆ ಕೂಡಿ ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಎಂಬ ಔಷಧ ಆಗಲೇ ಇತ್ತು. ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಸೂಜಿಯಿಂದ ಕೊಡಬೇಕು. ವಿದ್ಯುತ್ತೇ ಸರಿಯಾಗಿ ಇಲ್ಲದ ಉಪಕೇಂದ್ರದಲ್ಲಿ ಶೀತಪೆಟ್ಟಿಗೆ ಎಲ್ಲಿಂದ ಬರಬೇಕು? ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ ಬಿಸಿಲಿಗೆ ಸುಲಭವಾಗಿ ಕೆಡದು, ನುಂಗಿದರೆ ಸಾಕು. ಇದನ್ನು ಹಳ್ಳಿಯ ಹೆರಿಗೆಯಲ್ಲಿಯೇ ಕೊಟ್ಟರೆ ರಕ್ತಸ್ರಾವ ತಗ್ಗೀತೇ? ಇದು ಅವರ ಪ್ರಶ್ನೆ.

ಪ್ರಶ್ನೆ ಸರಳ. ಆದರೆ ಉತ್ತರ ಹೇಳಬೇಕಾದರೆ ಸ್ರಾವವನ್ನು ಅಳೆಯಬೇಕಷ್ಟೆ! ‘ಕಡಿಮೆಯಾಯಿತು’ ಎಂಬುದಕ್ಕೆ ಎಷ್ಟರಿಂದ ಎಷ್ಟಕ್ಕೆ ಎಂಬ ಅಂಕೆ ಬೇಕು. ಗುಳಿಗೆಯನ್ನು ಪರೀಕ್ಷಿಸಹೊರಟವರು ಹೀಗೆ ಅಳತೆಯ ಸಾಧನವನ್ನೇ ಮೊದಲು ಹುಡುಕಬೇಕಾಯಿತು.

ಆಗ ರೂಪುಗೊಂಡದ್ದೇ ಈ ಹಾಳೆ. ಪಾರದರ್ಶಕ ಪ್ಲಾಸ್ಟಿಕ್ಕಿನದು. ಮೇಲಿನ ಅಂಚನ್ನು ಹಡೆದ ತಾಯಿಯ ಸೊಂಟಕ್ಕೆ ಪಟ್ಟಿಯಿಂದ ಕಟ್ಟುತ್ತಾರೆ. ಹಾಳೆ ಅವಳ ಕೆಳಗೆ ಹಾಸಿಕೊಂಡು ಮುಂದೆ ಇಳಿಬಿದ್ದು, ತುದಿಯಲ್ಲಿ ಆಲಿಕೆಯಂತೆ ಕಿರಿದಾಗುವ ಚೀಲವಾಗುತ್ತದೆ. ಚೀಲದ ಮೇಲೆ ಅಳತೆಯ ಗೆರೆಗಳು. ಹರಿದ ನೆತ್ತರು ಬಟ್ಟೆಗೂ ನೆಲಕ್ಕೂ ಹೋಗದೆ ನೇರವಾಗಿ ಚೀಲಕ್ಕೆ ಇಳಿಯುತ್ತದೆ. ಮಗುವಿನ ಹಾಲಿನ ಶೀಶೆಯ ಗೆರೆ ಓದಿದಂತೆ ಓದಿಕೊಳ್ಳಬಹುದು. ಕೂಸು ಹುಟ್ಟಿದ ಮೇಲೆಯೇ ಇದನ್ನು ಹಾಸಬೇಕು. ಇಲ್ಲವಾದರೆ ಗರ್ಭದ ನೀರು ಬೆರೆತು ಲೆಕ್ಕ ಕೆಡುತ್ತದೆ. ಕೂಡಿ ದುಡಿದವರ ಹೆಸರುಗಳ ಮೊದಲಕ್ಷರಗಳನ್ನು ಪೋಣಿಸಿ ಇದಕ್ಕೆ ‘ಬ್ರಾಸ್-ವಿ’ ಹಾಳೆ ಎಂದು ಹೆಸರಿಟ್ಟರು. ನಮ್ಮ ಹಳೆಯ ಕವಿಗಳು ಅಂಕಿತವನ್ನು ಪದ್ಯದ ಕೊನೆಯಲ್ಲಿಡುತ್ತಿದ್ದರು. ಇವರು ಪ್ಲಾಸ್ಟಿಕ್ಕಿನ ಮೇಲಿಟ್ಟರು, ಅಷ್ಟೇ ವ್ಯತ್ಯಾಸ. ಹೆಸರಿನಲ್ಲಿ ಊರಿನ ಸುಳಿವೇ ಇಲ್ಲದಿರುವುದರಿಂದ ಇದು ನಮ್ಮದೆಂದು ನಮಗೇ ತಿಳಿಯದೆ ಹೋಯಿತೋ ಏನೋ.

ಹಾಳೆಯ ಅಳತೆ ಎಷ್ಟು ನಂಬತಕ್ಕದ್ದು ಎಂಬುದನ್ನೂ ಅವರು ಪರೀಕ್ಷಿಸದೆ ಬಿಡಲಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಹಡೆದ ೧೨೩ ತಾಯಂದಿರನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ಒಂದರಲ್ಲಿ ವಾಡಿಕೆಯ ಕಣ್ಣಂದಾಜನ್ನೂ ಇನ್ನೊಂದರಲ್ಲಿ ಹಾಳೆಯನ್ನೂ ಬಳಸಿದರು. ಕಣ್ಣಂದಾಜಿನ ಲೆಕ್ಕ ಹಾಳೆಯ ಲೆಕ್ಕಕ್ಕಿಂತ ನೂರಕ್ಕೆ ೩೩ರಷ್ಟು ಕಡಿಮೆ ಬಂತು. ಹಾಳೆಯ ಲೆಕ್ಕವನ್ನು ಪ್ರಯೋಗಶಾಲೆಯ ಬೆಳಕಿನ ಮಾಪಕದಿಂದ ಒರೆಗೆ ಹಚ್ಚಿದಾಗ ಎರಡೂ ಬಹುಮಟ್ಟಿಗೆ ಹೊಂದಿಕೊಂಡವು. ಇದು ೨೦೦೬ರಲ್ಲಿ ಪ್ರಕಟವಾಯಿತು. ಮೂರರಲ್ಲಿ ಒಂದು ಪಾಲು ನೆತ್ತರು ಯಾರ ಲೆಕ್ಕಕ್ಕೂ ಸಿಗದೆ ಹೋಗುತ್ತಿತ್ತೆಂದಾಯಿತು. ಅದೂ ಸೂಲಗಿತ್ತಿಯ ಗುಡಿಸಲಿನಲ್ಲಿ ಅಲ್ಲ, ಕಲಿತವರಿದ್ದ ಆಸ್ಪತ್ರೆಯಲ್ಲಿ!

ಮುಖ್ಯ ಪ್ರಯೋಗವು ೨೦೦೨ರ ಸೆಪ್ಟೆಂಬರಿನಿಂದ ೨೦೦೫ರ ಡಿಸೆಂಬರಿನವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆಯಿತು. ೧,೬೨೦ ತಾಯಂದಿರು ಅದರಲ್ಲಿದ್ದರು. ಹೆರಿಗೆ ಮಾಡಿಸಿ, ಗುಳಿಗೆ ಕೊಟ್ಟು, ಹಾಳೆ ಹಾಸಿ, ಗೆರೆ ಓದಿ ಬರೆದವರು ಇಪ್ಪತ್ತೈದು ಜನ ಸಹಾಯಕ ದಾದಿಯರು. ನಮ್ಮ ಹಳ್ಳಿಗರು ‘ಸಿಸ್ಟರಬಾಯಿ’ ಎಂದು ಕರೆಯುವವರು. ಪ್ರಬಂಧದ ತಲೆಯ ಮೇಲೆ ಅವರ ಹೆಸರುಗಳಿಲ್ಲ. ಆದರೆ ನಟ್ಟಿರುಳಿನಲ್ಲಿ ಕಂದೀಲಿನ ಬೆಳಕಿಗೆ ಚೀಲವನ್ನು ಎತ್ತಿ ಹಿಡಿದು ಅಂಕೆ ಓದಿದ ಆ ಇಪ್ಪತ್ತೈದು ಹೆಣ್ಣುಮಕ್ಕಳಿಲ್ಲದಿದ್ದರೆ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ೨೦೦೬ರಲ್ಲಿ ಅಚ್ಚಾದ ಆ ಪ್ರಬಂಧವೇ ಇರುತ್ತಿರಲಿಲ್ಲ. ಒಂದು ಗಂಟೆಯ ಕೊನೆಗೆ ಒಮ್ಮೆ ಅಳೆಯುವುದು, ಸ್ರಾವ ಇನ್ನೂ ನಿಲ್ಲದಿದ್ದರೆ ಎರಡನೆಯ ಗಂಟೆಯ ಕೊನೆಗೆ ಮತ್ತೊಮ್ಮೆ, ಇದು ಕ್ರಮ.

ಈ ತಾಯಂದಿರಲ್ಲಿ ೮೧೨ ಜನಕ್ಕೆ ನಿಜವಾದ ಗುಳಿಗೆ, ೮೦೮ ಜನಕ್ಕೆ ಅದರಂತೆಯೇ ಕಾಣುವ ಹುಸಿಗುಳಿಗೆ. ಇದನ್ನು ಕೇಳಿದೊಡನೆ ತಮ್ಮ ಹುಬ್ಬು ಗಂಟಿಕ್ಕಬಹುದು, ನನ್ನದೂ ಗಂಟಿಕ್ಕಿತ್ತು. ತಾಯಿಗೆ ಹುಸಿ ಔಷಧ ಕೊಡುವುದೇ? ಆದರೆ ಆ ಕಾಲದಲ್ಲಿ ಹಳ್ಳಿಯ ಸಹಾಯಕ ದಾದಿಗೆ ಇಂಥ ಔಷಧಗಳನ್ನು ಕೊಡುವ ಅಧಿಕಾರವೇ ಇರಲಿಲ್ಲ. ಹುಸಿಗುಳಿಗೆಯ ಪಂಗಡಕ್ಕೆ ದೊರೆತದ್ದು ಹಳ್ಳಿಯ ಉಳಿದ ತಾಯಂದಿರಿಗೆ ದಿನವೂ ದೊರೆಯುತ್ತಿದ್ದ ಆರೈಕೆಯೇ. ಮೇಲಾಗಿ ಅವರ ಕೆಳಗೂ ಹಾಳೆಯಿತ್ತು. ಪಕ್ಕದಲ್ಲಿ ಗೆರೆ ನೋಡುತ್ತ ಕುಳಿತ ದಾದಿ ಇದ್ದಳು. ಆದರೂ ಈ ಪ್ರಶ್ನೆಯನ್ನು ಕೇಳುವವರು ಇರಬೇಕೆಂಬುದೇ ನನ್ನ ಅಭಿಪ್ರಾಯ. ಬಡವರ ನಡುವೆ ನಡೆಯುವ ಪ್ರಯೋಗಗಳಿಗೆ ಕಾವಲು ಎಷ್ಟಿದ್ದರೂ ಹೆಚ್ಚಾಗದು.

ಫಲಿತಾಂಶ ಹೀಗಿತ್ತು. ಹುಸಿಗುಳಿಗೆಯ ಪಂಗಡದಲ್ಲಿ ನೂರಕ್ಕೆ ೧೨ ಜನರಿಗೆ ೫೦೦ ಮಿಲಿಲೀಟರಿನ ಮಟ್ಟ ಮುಟ್ಟಿದ ಸ್ರಾವವಾಯಿತು. ನಿಜ ಗುಳಿಗೆಯ ಪಂಗಡದಲ್ಲಿ ೬.೪ ಜನರಿಗೆ. ಸಾವಿರ ಮುಟ್ಟಿದ ಘೋರ ಸ್ರಾವ ಒಂದರಲ್ಲಿ ೧.೨, ಇನ್ನೊಂದರಲ್ಲಿ ೦.೨. ಹದಿನೆಂಟು ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆಂದು ಲೆಕ್ಕ. ಕೆಲವರಿಗೆ ನಡುಕ, ಜ್ವರ ಬಂದವು. ಅವು ತಾವಾಗಿ ಇಳಿದವು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೆರಿಗೆಯ ರಕ್ತಸ್ರಾವವನ್ನು ತಡೆಯುವುದಕ್ಕಾಗಿ ಈ ಗುಳಿಗೆಯನ್ನು ಅವಶ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಆಧಾರವಾದ ಪ್ರಯೋಗಗಳಲ್ಲಿ ನಮ್ಮ ಜಿಲ್ಲೆಯದು ಮುಖ್ಯವಾದುದು.

ಗುಳಿಗೆಯ ಕೀರ್ತಿಯ ನೆರಳಿನಲ್ಲಿ ಹಾಳೆ ಮರೆಯಾಗಿ ಕುಳಿತಿತು. ನಡುವೆ ಅದರ ಜಾತಿಗೆ ಒಂದು ಸೋಲೂ ಆಯಿತು. ಯೂರೋಪಿನ ೧೩ ದೇಶಗಳ ಆಸ್ಪತ್ರೆಗಳಲ್ಲಿ ೨೫ ಸಾವಿರಕ್ಕೂ ಹೆಚ್ಚು ಹೆರಿಗೆಗಳಲ್ಲಿ ಇಂಥ ಚೀಲವನ್ನು ಪರೀಕ್ಷಿಸಿ, ೨೦೧೦ರಲ್ಲಿ ಫಲ ಪ್ರಕಟಿಸಿದರು: ಚೀಲ ಇಟ್ಟುದರಿಂದ ಘೋರ ಸ್ರಾವವೇನೂ ಗಮನಾರ್ಹವಾಗಿ ತಗ್ಗಲಿಲ್ಲ! ಹಲವರು ಅಲ್ಲಿಗೆ ಕೈಬಿಟ್ಟರು. ನನಗೆ ಕಾಣುವ ಮಟ್ಟಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಗೋಡೆಯ ಗಡಿಯಾರ ಹೊತ್ತಾಯಿತೆಂದು ತೋರಿಸಬಲ್ಲದು. ಗಂಟೆ ಬಾರಿಸಲು ಜವಾನನೇ ಬೇಕು. ಗೆರೆ ಮುಟ್ಟಿದೊಡನೆ ಯಾರು ಏನು ಮಾಡಬೇಕೆಂಬ ಕಟ್ಟಳೆಯಿಲ್ಲದಿದ್ದರೆ, ಚೀಲವು ಆಪತ್ತಿನ ಸಾಕ್ಷಿಯಾದೀತೇ ಹೊರತು ಅದನ್ನು ತಡೆಯಲಾರದು.

ಈ ಕಟ್ಟಳೆಯನ್ನು ಕೂಡಿಸಿ ನೋಡಿದವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದವರು ಮತ್ತು ವಿಶ್ವ ಆರೋಗ್ಯ ಸಂಸ್ಥೆಯವರು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ ೮೦ ಆಸ್ಪತ್ರೆಗಳಲ್ಲಿ, ೨ ಲಕ್ಷ ೧೦ ಸಾವಿರಕ್ಕೂ ಮಿಕ್ಕ ಹೆರಿಗೆಗಳಲ್ಲಿ ನಡೆದ ‘ಈ-ಮೋಟಿವ್’ ಎಂಬ ಪ್ರಯೋಗದ ಫಲ ೨೦೨೩ರಲ್ಲಿ ಹೊರಬಂತು. ಅಲ್ಲಿ ಪ್ರತಿ ತಾಯಿಯ ಕೆಳಗೆ ಗೆರೆಯ ಹಾಳೆ. ೩೦೦ರ ಗೆರೆ ದಾಟಿ, ನಾಡಿಯಲ್ಲಿಯೋ ರಕ್ತದೊತ್ತಡದಲ್ಲಿಯೋ ಏರುಪೇರು ಕಂಡರೆ ಎಚ್ಚರಿಕೆ. ೫೦೦ರ ಗೆರೆ ಮುಟ್ಟಿದರೆ ಮತ್ತೇನೂ ವಿಚಾರಿಸದೆ ಕೆಲಸಕ್ಕೆ ಇಳಿಯುವುದು. ಗರ್ಭಕೋಶವನ್ನು ನೀವುವುದು, ಬಿಗಿಗೊಳಿಸುವ ಔಷಧ, ರಕ್ತ ಹೆಪ್ಪುಗಟ್ಟಿಸುವುದಕ್ಕೆ ನೆರವಾಗುವ ಟ್ರಾನೆಕ್ಸಾಮಿಕ್ ಆಮ್ಲ, ಸಿರೆಗೆ ದ್ರವ, ಸ್ರಾವದ ಮೂಲ ಎಲ್ಲಿದೆಯೆಂಬ ಪರೀಕ್ಷೆ: ಇವನ್ನು ಒಂದಾದ ಮೇಲೊಂದು ಕಾಯ್ದು ಮಾಡದೆ ಒಟ್ಟಿಗೆ ಮಾಡುವುದು. ಹಿಂದಿನ ರೀತಿಯಲ್ಲಿ ನಡೆದ ಆಸ್ಪತ್ರೆಗಳಲ್ಲಿ ರಕ್ತಸ್ರಾವವಾದ ಪ್ರಸಂಗಗಳ ಅರ್ಧದಷ್ಟು ಮಾತ್ರ ಗುರುತಿಗೆ ಬಂದರೆ, ಹಾಳೆಯಿದ್ದಲ್ಲಿ ನೂರಕ್ಕೆ ೯೩ರಷ್ಟು ಬಂದವು. ಘೋರ ಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾದ ಪ್ರಸಂಗ, ಅದರಿಂದಾದ ಮರಣ, ಈ ಮೂರನ್ನೂ ಕೂಡಿಸಿದರೆ ನೂರಕ್ಕೆ ೪.೩ ಇದ್ದದ್ದು ೧.೬ಕ್ಕೆ ಇಳಿಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಹೆರಿಗೆಯಲ್ಲಿ ಹೋದ ರಕ್ತವನ್ನು ಕಣ್ಣಂದಾಜಿಗೆ ಬಿಡದೆ ಅಳೆದೇ ತಿಳಿಯಬೇಕೆಂದು ಶಿಫಾರಸು ಮಾಡಿತು.

ಆಫ್ರಿಕದ ಆ ಹಾಳೆಗೂ ಬೆಳಗಾವಿಯ ಹಾಳೆಗೂ ಗೆರೆಗಳ ವ್ಯವಸ್ಥೆಯಲ್ಲಿ ಭೇದವಿರಬಹುದು, ಕುಲ ಒಂದೇ. ಇತ್ತ ಬೆಳಗಾವಿಯ ಕಾಲೇಜಿನವರೂ ಸುಮ್ಮನೆ ಕೂರಲಿಲ್ಲ. ಆಕ್ಸಿಟೋಸಿನ್‌ನ ಬದಲಿಗೆ, ಬಿಸಿಲಿಗೆ ಕೆಡದ ಕಾರ್ಬೆಟೋಸಿನ್ ಸೂಜಿಮದ್ದನ್ನು ಹತ್ತು ದೇಶಗಳ ಸುಮಾರು ೩೦ ಸಾವಿರ ತಾಯಂದಿರಲ್ಲಿ ಪರೀಕ್ಷಿಸಿದ, ೨೦೧೮ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರೂ ಪಾಲುಗೊಂಡರು.

ನಮ್ಮ ಜಿಲ್ಲೆಗೇ ಸೇರಿದ ಇನ್ನೊಂದು ಸಾಧನವನ್ನು ಇಲ್ಲಿ ಹೇಳಿಬಿಡುತ್ತೇನೆ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ರೂಪಿಸಿದ ಒಂದು ಸಣ್ಣ ರಕ್ತದೊತ್ತಡದ ಯಂತ್ರ. ನಾಡಿ ಮತ್ತು ಒತ್ತಡಗಳನ್ನು ತಾಳೆ ಹಾಕಿ, ಚೌಕದ ಸಿಗ್ನಲ್ಲಿನಂತೆ ಹಸಿರು, ಹಳದಿ, ಕೆಂಪು ದೀಪ ತೋರಿಸುತ್ತದೆ. ಅಂಕೆ ಓದಲು ತಡವರಿಸುವವರಿಗೂ ಕೆಂಪು ಎಂದರೆ ಏನೆಂದು ತಿಳಿಯುತ್ತದೆ. ೨೦೧೬–೧೭ರಲ್ಲಿ ಇದನ್ನು ಪರೀಕ್ಷಿಸಿದ ಹತ್ತು ಸ್ಥಳಗಳಲ್ಲಿ ಭಾರತದಿಂದ ಇದ್ದದ್ದು ನಮ್ಮ ಗೋಕಾಕ. ಒಟ್ಟು ಫಲವನ್ನು ಎಣಿಸಿದಾಗ ಯಂತ್ರದಿಂದಲೇ ಇಷ್ಟು ಲಾಭವೆಂದು ಖಚಿತವಾಗಿ ಸಾಧಿಸಲು ಬರಲಿಲ್ಲ. ಯೂರೋಪಿನ ಚೀಲದ ಪಾಠವೇ ಇಲ್ಲಿಯೂ ಕೇಳಿಸುತ್ತದೆ.

ಕರ್ನಾಟಕದಲ್ಲಿ ೨೦೦೪–೦೬ರಲ್ಲಿ ಲಕ್ಷ ಹೆರಿಗೆಗೆ ೨೧೩ ತಾಯಂದಿರು ಸಾಯುತ್ತಿದ್ದರು. ೨೦೧೮–೨೦ರ ಗಣನೆಯಲ್ಲಿ ಅದು ೬೯ಕ್ಕೆ ಇಳಿದಿತ್ತು. ಇದಕ್ಕೆ ಕಾರಣಗಳು ಹಲವು: ೨೦೦೫ರಿಂದ ಆಸ್ಪತ್ರೆಯ ಹೆರಿಗೆಗೆ ಸರ್ಕಾರ ಕೊಟ್ಟ ಪ್ರೋತ್ಸಾಹ, ೨೦೦೮ರಲ್ಲಿ ಬಂದ ೧೦೮ರ ವಾಹನ, ಓದಿದ ಹೆಣ್ಣುಮಕ್ಕಳು, ತಡವಾಗಿ ಆಗುವ ಮದುವೆಗಳು. ಹಾಳೆಯೊಂದಕ್ಕೇ ಈ ಕೀರ್ತಿಯನ್ನು ಕಟ್ಟುವುದು ಅನ್ಯಾಯ. ಆದರೂ ೬೯ ಎಂಬುದು ಶೂನ್ಯವಲ್ಲ. ಅದರಲ್ಲಿ ರಕ್ತಸ್ರಾವದ ಪಾಲು ಸಣ್ಣದೂ ಅಲ್ಲ.

೨೦೨೫ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಪ್ರಸೂತಿತಜ್ಞರ, ಸೂಲಗಿತ್ತಿಯರ ಅಂತರರಾಷ್ಟ್ರೀಯ ಸಂಘಗಳೂ ಕೂಡಿ ಹೊಸ ಮಾರ್ಗಸೂಚಿ ಹೊರಡಿಸಿವೆ. ೫೦೦ರವರೆಗೆ ಕಾಯಬೇಡಿರಿ, ೩೦೦ ಮಿಲಿಲೀಟರು ಮುಟ್ಟಿದಾಗಲೇ ನಾಡಿ, ಒತ್ತಡಗಳಲ್ಲಿ ಏರುಪೇರಿದ್ದರೆ ಕೆಲಸಕ್ಕೆ ತೊಡಗಿರಿ ಎಂದು ಅದರ ಸೂಚನೆ. ೩೦೦ ಮಿಲಿಲೀಟರೆಂದರೆ ನಮ್ಮ ಮನೆಯ ನೀರು ಕುಡಿಯುವ ಲೋಟ ಒಂದು ತುಂಬಿ ಸ್ವಲ್ಪ ಮಿಕ್ಕೀತು. ಅಷ್ಟು ಸಣ್ಣ ಅಳತೆ ನೆನೆದ ಸೀರೆಯಲ್ಲಿ ಕಾಣಿಸದು. ಬಾಣಂತಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ ಅತ್ತೆ, ತಾಯಿ, ಅಕ್ಕಂದಿರು ‘ಸಿಸ್ಟರ್, ಗೆರೆಯ ಹಾಳೆ ಹಾಸ್ತೀರೇನ್ರೀ?’ ಎಂದು ಕೇಳಬಹುದು. ಖಾನಾಪುರದ ಕಾಡಿನ ಹಳ್ಳಿಯಿಂದ ಮಳೆಯಲ್ಲಿ ಹೊರಟವರಂತೂ ಡಾಂಬರು ರಸ್ತೆ ಮುಟ್ಟುವ ಮೊದಲೇ ಆ ಗೆರೆ ದಾಟಿರಬಹುದಾದುದರಿಂದ, ದಿನ ತುಂಬುವ ಮುಂಚೆಯೇ ಬಸುರಿಯನ್ನು ತಾಲೂಕಿನ ಊರಿಗೆ ಕರೆತಂದು ಇಟ್ಟುಕೊಳ್ಳುವುದು ಲೇಸು. ನೆಂಟರ ಮನೆಯಾದರೂ ಸರಿ, ಬಾಡಿಗೆಯ ಕೋಣೆಯಾದರೂ ಸರಿ.